ಐವತ್ತಕ್ಕೊಂದು: ಎಣಿಕೆಗೆ ಸಿಗದ ಜಾಲವನ್ನು ಅಳೆದ ಬಗೆ

1991ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಎನ್‌ಎಸ್‌ಎಫ್‌ನೆಟ್ ತನ್ನ ಲೆಕ್ಕ ಬರೆಯುವ ಕ್ರಮವನ್ನೇ ಬದಲಿಸಿತು. ಅಲ್ಲಿಯವರೆಗೆ ಆ ಜಾಲದ ಯಂತ್ರಗಳು ಹಾದುಹೋಗುವ ಪ್ರತಿಯೊಂದು ಪ್ಯಾಕೆಟ್‌ನ, ಅಂದರೆ ಮಾಹಿತಿಯ ಸಣ್ಣ ಕಟ್ಟಿನ, ತಲೆಬರಹ ಓದಿ, ಎಲ್ಲಿಂದ ಬಂತು, ಎಲ್ಲಿಗೆ ಹೊರಟಿತು, ಹೊತ್ತದ್ದು ಇ-ಮೇಲೋ ಕಡತವೋ ಎಂದು ವಿಂಗಡಿಸಲು ಹೆಣಗುತ್ತಿದ್ದವು. ಅಂದಿನಿಂದ ಐವತ್ತಕ್ಕೆ ಒಂದನ್ನು ಮಾತ್ರ ನೋಡುವುದು, ಸಿಕ್ಕ ಸಂಖ್ಯೆಯನ್ನು ಐವತ್ತರಿಂದ ಗುಣಿಸುವುದು ಎಂದಾಯಿತು. ಉಳಿದ ನಲವತ್ತೊಂಬತ್ತು ಪ್ಯಾಕೆಟ್‌ಗಳು ಲೆಕ್ಕದವರ ಕಣ್ಣಿಗೆ ಬೀಳದೆ ಸಾಗಿಹೋಗುತ್ತಿದ್ದವು.

ಬೇರೆ ದಾರಿ ಉಳಿದಿರಲಿಲ್ಲ. ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ ಹಣದಲ್ಲಿ 1986ರಲ್ಲಿ ಶುರುವಾದಾಗ ಈ ಬೆನ್ನೆಲುಬು ಜಾಲದ ವೇಗ ಸೆಕೆಂಡಿಗೆ ಬರೀ 56 ಕಿಲೋಬಿಟ್. 1988ರ ಜುಲೈಯಲ್ಲಿ ಮಿಶಿಗನ್‌ನ ಮೆರಿಟ್ ಸಂಸ್ಥೆ ಐಬಿಎಂ ಮತ್ತು ಎಂಸಿಐ ಕಂಪನಿಗಳ ಜತೆಗೂಡಿ ಅದನ್ನು 1.5 ಮೆಗಾಬಿಟ್‌ಗೆ ಏರಿಸಿತು. ದಾರಿ ಅಗಲವಾದಂತೆ ಸಂಚಾರವೂ ಏರಿತು. 1988ರ ಆಗಸ್ಟ್‌ನಲ್ಲಿ ತಿಂಗಳಿಗೆ 19.5 ಕೋಟಿ ಪ್ಯಾಕೆಟ್ ಹೊರುತ್ತಿದ್ದ ಜಾಲ 1992ರ ನವೆಂಬರ್‌ನಲ್ಲಿ ಸುಮಾರು 2,400 ಕೋಟಿ ಹೊರುತ್ತಿತ್ತು. ನಾಲ್ಕೇ ವರ್ಷದಲ್ಲಿ ನೂರು ಪಟ್ಟಿಗೂ ಹೆಚ್ಚು.

ಜಾಲದ ಒಂದೊಂದು ಕೇಂದ್ರದಲ್ಲೂ ಐಬಿಎಂನ ಹಲವು ಸಣ್ಣ ಗಣಕಗಳಿದ್ದವು. ಅವುಗಳಲ್ಲಿ ಒಂದನ್ನು ಅಂಕಿಅಂಶಕ್ಕೆಂದೇ ಮೀಸಲಿಟ್ಟಿದ್ದರು. ಅದರಲ್ಲಿ ಎನ್‌ಎನ್‌ಸ್ಟ್ಯಾಟ್ ಎಂಬ ತಂತ್ರಾಂಶ ಓಡುತ್ತಿತ್ತು. ಸಂಚಾರ ಏರಿದಾಗ ಸೋತದ್ದು ಈ ಯಂತ್ರ. ಪ್ಯಾಕೆಟ್‌ಗಳು ತಲುಪಬೇಕಾದ ಕಡೆ ತಲುಪುತ್ತಿದ್ದವು, ಆದರೆ ಲೆಕ್ಕಕ್ಕೆ ಬರುತ್ತಿರಲಿಲ್ಲ. ಇದು ಬಯಲಾದದ್ದು ಎರಡು ಲೆಕ್ಕಗಳನ್ನು ಪಕ್ಕಪಕ್ಕ ಇಟ್ಟಾಗ. ಎಸ್‌ಎನ್‌ಎಂಪಿ ಎಂಬ ಇನ್ನೊಂದು ವ್ಯವಸ್ಥೆ ಪ್ಯಾಕೆಟ್ ಯಾವುದೆಂದು ಕೇಳದೆ ಒಟ್ಟು ಎಷ್ಟು ಹಾದುಹೋದವು ಎಂದಷ್ಟೇ ಎಣಿಸುತ್ತಿತ್ತು. ಎರಡೂ ಮೊತ್ತ ಒಂದೇ ಆಗಬೇಕಿತ್ತು. ತಿಂಗಳು ಕಳೆದಂತೆ ಎಸ್‌ಎನ್‌ಎಂಪಿಯ ಗೆರೆ ಮೇಲಕ್ಕೆ ಹೋಯಿತು, ಎನ್‌ಎನ್‌ಸ್ಟ್ಯಾಟ್‌ನ ಗೆರೆ ಹಿಂದೆ ಬಿತ್ತು. ಐವತ್ತಕ್ಕೊಂದರ ಪದ್ಧತಿ ಬಂದದ್ದೇ ತಡ, ಎರಡೂ ಗೆರೆಗಳು ಮತ್ತೆ ಹತ್ತಿರ ಬಂದವು.

ಈ ಸಂಗತಿಯ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು. ಎಲ್ಲವನ್ನೂ ನೋಡಲು ಹೊರಟಾಗ ತಪ್ಪಿದ ಲೆಕ್ಕ, ನೂರಕ್ಕೆ ಎರಡನ್ನು ನೋಡಿದಾಗ ಸರಿಹೋಯಿತು. ಸುಸ್ತಾದ ಯಂತ್ರವೂ ಒಂದು ಬಗೆಯಲ್ಲಿ ಆಯ್ಕೆ ಮಾಡುತ್ತಲೇ ಇತ್ತು. ಆದರೆ ಯಾವುದನ್ನು ಬಿಟ್ಟೆ, ಎಷ್ಟು ಬಿಟ್ಟೆ ಎಂದು ಅದಕ್ಕೆ ಹೇಳಲು ಬರುತ್ತಿರಲಿಲ್ಲ. ಅದು ಬಿಡುತ್ತಿದ್ದದ್ದು ಸಂಚಾರ ಉಕ್ಕಿದ ಹೊತ್ತಿನಲ್ಲಿ, ಅಂದರೆ ಲೆಕ್ಕ ಅತಿ ಮುಖ್ಯವಾದ ಹೊತ್ತಿನಲ್ಲಿ. ಐವತ್ತಕ್ಕೊಂದು ಎಂದು ಮೊದಲೇ ನಿಯಮ ಹಾಕಿಕೊಂಡರೆ ಬಿಟ್ಟದ್ದರ ಪ್ರಮಾಣ ಗೊತ್ತಿರುತ್ತದೆ, ಗುಣಿಸಿ ಹಿಂದಕ್ಕೆ ಪಡೆಯಬಹುದು. ಜಾಲದ ಅಳತೆಗಾರರು ಮುಂದಿನ ಎರಡು ದಶಕ ಮಾಡಿದ ಕೆಲಸವೆಲ್ಲ ಈ ಒಂದು ತಿಳಿವಳಿಕೆಯ ಮೇಲೆ ನಿಂತಿದೆ.

ಭಾರತದ ಓದುಗರಿಗೆ ಇದು ಹೊಸ ವಾದವಲ್ಲ. ಪ್ರಶಾಂತಚಂದ್ರ ಮಹಾಲನೋಬಿಸ್ 1937ರಿಂದ ಬಂಗಾಳದ ಸೆಣಬಿನ ಬೆಳೆಯನ್ನು ಅಂದಾಜು ಮಾಡಲು ಹೊರಟಾಗ ಇದೇ ಜಗಳ ಎದ್ದಿತ್ತು. ಸರ್ಕಾರದ ಕಡೆಯವರಿಗೆ ಹೊಲಹೊಲವನ್ನೂ ಸುತ್ತಿ ಬರೆದ ಪೂರ್ಣ ಲೆಕ್ಕವೇ ಬೇಕಾಗಿತ್ತು. ಮಹಾಲನೋಬಿಸ್ ಅಲ್ಲಲ್ಲಿ ಆಯ್ದ ತುಂಡು ನೆಲಗಳನ್ನಷ್ಟೇ ಅಳೆಸಿದರು. ಕೊನೆಗೆ ಪೇಟೆಗೆ ಬಂದ ಸೆಣಬಿನ ಲೆಕ್ಕಕ್ಕೆ ಹತ್ತಿರವಾದದ್ದು ಅವರ ಮಾದರಿ ಸಮೀಕ್ಷೆಯೇ. ದೊಡ್ಡ ಪಡೆ ಕಟ್ಟಿ ಎಲ್ಲವನ್ನೂ ಎಣಿಸಲು ಹೋದರೆ ಎಣಿಸುವವರ ತಪ್ಪುಗಳು ರಾಶಿ ಬೀಳುತ್ತವೆ; ಸಣ್ಣ ತಂಡ ಕಡಿಮೆ ಅಳೆದರೂ ಸರಿಯಾಗಿ ಅಳೆಯುತ್ತದೆ. ಸೆಣಬಿನ ಹೊಲಕ್ಕೂ ಪ್ಯಾಕೆಟ್‌ಗಳಿಗೆ ದಾರಿ ತೋರುವ ರೌಟರ್‌ಗೂ ಇಷ್ಟರ ಮಟ್ಟಿಗೆ ಒಂದೇ ನ್ಯಾಯ.

ಐವತ್ತಕ್ಕೊಂದು ಸರಿ, ಆದರೆ ಯಾವ ಒಂದು? ಈ ಪ್ರಶ್ನೆಯನ್ನು ಶಿಸ್ತಾಗಿ ಕೇಳಿದವರು ಸ್ಯಾನ್ ಡಿಯಾಗೋದ ಕಿಂಬರ್ಲಿ ಕ್ಲಾಫಿ, ಜಾರ್ಜ್ ಪಾಲಿಜೋಸ್ ಮತ್ತು ಹಾನ್ಸ್‌ವರ್ನರ್ ಬ್ರೌನ್. ಗಣಕಜಾಲ ಸಂಶೋಧಕರ 1993ರ ಸಿಗ್‌ಕಾಮ್ ಸಮ್ಮೇಳನದಲ್ಲಿ ಅವರು ಮಂಡಿಸಿದ ಪ್ರಬಂಧ ಇಂದಿಗೂ ಈ ಕ್ಷೇತ್ರದ ಮೊದಲ ಪಾಠ. ಒಂದೂ ಬಿಡದೆ ಹಿಡಿದಿಟ್ಟ ಪ್ಯಾಕೆಟ್‌ಗಳ ದಾಖಲೆಯನ್ನು ಎದುರಿಗಿಟ್ಟುಕೊಂಡು ಅವರು ಬೇರೆಬೇರೆ ಬಗೆಯಲ್ಲಿ ಆರಿಸಿ ನೋಡಿದರು: ಪ್ರತಿ ಐವತ್ತನೆಯದು, ಪ್ರತಿ ಐವತ್ತರ ಗುಂಪಿನಿಂದ ಕಣ್ಣುಮುಚ್ಚಿ ಒಂದು, ಇಡೀ ರಾಶಿಯಿಂದ ಮನಬಂದಂತೆ ಇಷ್ಟು, ಅಥವಾ ಗಡಿಯಾರ ನೋಡಿ ಇಷ್ಟಿಷ್ಟು ಹೊತ್ತಿಗೊಂದು. ಮೊದಲ ಮೂರರಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಗಡಿಯಾರದ ಪದ್ಧತಿ ಮಾತ್ರ ಹಿಂದೆ ಬಿತ್ತು.

ಕಾರಣ ಸ್ವಾರಸ್ಯದ್ದು. ಜಾಲದಲ್ಲಿ ಪ್ಯಾಕೆಟ್‌ಗಳು ಸಮನಾದ ಅಂತರದಲ್ಲಿ ಬರುವುದಿಲ್ಲ. ಒಮ್ಮೆ ಹಿಂಡಾಗಿ ನುಗ್ಗುತ್ತವೆ, ಒಮ್ಮೆ ಬಿಕೋ ಎನ್ನುತ್ತದೆ. ಗಡಿಯಾರ ನೋಡಿ ಕೈಚಾಚುವವನಿಗೆ ಹಿಂಡಿನ ನಡುವಿನವು ಸಿಗುವುದು ಕಡಿಮೆ, ದೀರ್ಘ ಬಿಡುವಿನ ನಂತರ ಬರುವವು ಹೆಚ್ಚು. ಅದೇ ಸಮ್ಮೇಳನದಲ್ಲಿ ವಿಲ್ ಲೆಲಂಡ್, ಮುರಾದ್ ತಕ್ಕು, ವಾಲ್ಟರ್ ವಿಲಿಂಜರ್ ಮತ್ತು ಡೇನಿಯಲ್ ವಿಲ್ಸನ್ ಮಂಡಿಸಿದ ಇನ್ನೊಂದು ಪ್ರಬಂಧ ಈ ಏರಿಳಿತದ ಸ್ವಭಾವವನ್ನೇ ಬಿಡಿಸಿಟ್ಟಿತು. ನ್ಯೂಜೆರ್ಸಿಯ ಬೆಲ್‌ಕೋರ್ ಪ್ರಯೋಗಾಲಯದ ಈಥರ್ನೆಟ್ ಎಂಬ ಸ್ಥಳೀಯ ಜಾಲದಲ್ಲಿ 1989ರಿಂದ ಹಿಡಿದಿಟ್ಟ ದಾಖಲೆಗಳನ್ನು ಅವರು ಮಿಲಿಸೆಕೆಂಡುಗಳಲ್ಲಿ ನೋಡಿದರು, ಸೆಕೆಂಡುಗಳಲ್ಲಿ ನೋಡಿದರು, ನಿಮಿಷಗಳಲ್ಲಿ ನೋಡಿದರು. ಎಲ್ಲ ಅಳತೆಯಲ್ಲೂ ಅದೇ ಒರಟು ಏರಿಳಿತ. ದೂರವಾಣಿ ಕಾಲದ ಗಣಿತ ನಂಬಿದ್ದಂತೆ ಹೆಚ್ಚು ಹೊತ್ತಿನ ಸರಾಸರಿ ತೆಗೆದರೆ ಎಲ್ಲ ನುಣುಪಾಗುತ್ತದೆ ಎಂಬ ಮಾತು ಇಲ್ಲಿ ಸುಳ್ಳಾಯಿತು.

ಇತ್ತ ಯೂರೋಪಿನಲ್ಲಿ ಹ್ಯೂಲೆಟ್ ಪ್ಯಾಕರ್ಡ್ ಕಂಪನಿಯ ಪೀಟರ್ ಫಾಲ್ ಮತ್ತು ಸಂಗಡಿಗರು ಇದೇ ದಾರಿಯಲ್ಲಿ ಬೇರೆ ತುದಿಯಿಂದ ಬರುತ್ತಿದ್ದರು. 1991ರಲ್ಲಿ ಜಿನೀವಾದ ಟೆಲಿಕಾಂ ಮೇಳದಲ್ಲಿ, ಅಲ್ಲಿನ ವಿಶ್ವವಿದ್ಯಾಲಯ ಮತ್ತು ಸರ್ನ್ ಸಂಸ್ಥೆಯ ಜತೆ ಸೇರಿ, ಇಡೀ ಜಾಲವನ್ನು ಸ್ಯಾಂಪಲ್ ಮೂಲಕ ನೋಡಬಹುದೆಂದು ಅವರ ಕಂಪನಿ ತೋರಿಸಿತು. ಮರುವರ್ಷ ಜೊನಾಥನ್ ಜೆಡ್‌ವಾಬ್, ಫಾಲ್ ಮತ್ತು ಬಾಬ್ ಪಿನ್ನ ಬ್ರಿಸ್ಟಲ್‌ನ ಪ್ರಯೋಗಾಲಯದಿಂದ ಒಂದು ವರದಿ ಹೊರತಂದರು: ಕಡಿಮೆ ಮೆಮೊರಿ ಇಟ್ಟುಕೊಂಡು, ಸ್ಯಾಂಪಲ್‌ಗಳಿಂದ, ಜಾಲದ ಅತಿ ದೊಡ್ಡ ಬಳಕೆದಾರರ ಸಂಚಾರವನ್ನು ಅಂದಾಜು ಮಾಡುವುದು ಹೇಗೆ ಎಂಬುದು ಅದರ ವಿಷಯ. ಈ ಕೆಲಸ ಬೆಳೆದು 2001ರ ಸೆಪ್ಟೆಂಬರ್‌ನಲ್ಲಿ ಎಸ್‌ಫ್ಲೋ ಎಂಬ ಹೆಸರಿನಲ್ಲಿ ಇಂಟರ್ನೆಟ್ ತಂತ್ರಜ್ಞಾನದ ಆರ್‌ಎಫ್‌ಸಿ ಮಾಲೆಯ 3176ನೆಯ ದಾಖಲೆಯಾಗಿ ಪ್ರಕಟವಾಯಿತು.

ಎಸ್‌ಫ್ಲೋ ಬಳಸುವವರು ಬಾಯಿಪಾಠ ಮಾಡಿಕೊಂಡಿರುವ ಒಂದು ಸೂತ್ರವಿದೆ. ಒಂದು ಬಗೆಯ ಸಂಚಾರದಿಂದ ಎಷ್ಟು ಸ್ಯಾಂಪಲ್ ಸಿಕ್ಕಿವೆಯೋ ಅದರ ವರ್ಗಮೂಲದಿಂದ 196ನ್ನು ಭಾಗಿಸಿದರೆ, ಅಂದಾಜು ಶೇಕಡ ಎಷ್ಟು ತಪ್ಪಿರಬಹುದು ಎಂಬ ಮಿತಿ ಸಿಗುತ್ತದೆ. ನೂರರಲ್ಲಿ ತೊಂಬತ್ತೈದು ಸಲ ತಪ್ಪು ಆ ಮಿತಿಯೊಳಗೇ ಇರುತ್ತದೆ. ನೂರು ಸ್ಯಾಂಪಲ್ ಸಿಕ್ಕಿದ್ದರೆ ತಪ್ಪು ಶೇ 20ರ ಹತ್ತಿರ. ಹತ್ತು ಸಾವಿರ ಸಿಕ್ಕಿದ್ದರೆ ಶೇ 2ರೊಳಗೆ. ಒಟ್ಟು ಎಷ್ಟು ಪ್ಯಾಕೆಟ್ ಹರಿದವು ಎಂಬ ಸಂಖ್ಯೆ ಸೂತ್ರದಲ್ಲಿ ಎಲ್ಲೂ ಇಲ್ಲ ಎಂಬುದನ್ನು ಗಮನಿಸಬೇಕು. ಜಾಲ ಹತ್ತು ಪಟ್ಟು ವೇಗವಾದರೂ ಹತ್ತು ಪಟ್ಟು ಕೆಲಸ ಬೇಕಿಲ್ಲ, ಅಷ್ಟೇ ಸ್ಯಾಂಪಲ್ ಸಾಕು. ವೇಗದ ಓಟದಲ್ಲಿ ಹಿಂದೆ ಬಿದ್ದ ಅಳತೆಗಾರರಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ಬೇರೊಂದಿರಲಾರದು.

ಬರೀ ಕೌಂಟರ್‌ಗಳನ್ನೇ ನೆಚ್ಚಿದ್ದರೆ ಏನಾಗುತ್ತಿತ್ತು? ಎಸ್‌ಎನ್‌ಎಂಪಿಯ ಮೊದಲ ಕೌಂಟರ್‌ಗಳು 32 ಬಿಟ್‌ನವು. ಸುಮಾರು 429 ಕೋಟಿ ಬೈಟ್ ಎಣಿಸಿದ ಮೇಲೆ ಅವು ಮತ್ತೆ ಸೊನ್ನೆಗೆ ತಿರುಗುತ್ತವೆ. ಸೆಕೆಂಡಿಗೆ 10 ಮೆಗಾಬಿಟ್‌ನ ಜಾಲದಲ್ಲಿ ಹೀಗೆ ತಿರುಗಲು 57 ನಿಮಿಷ ಬೇಕು, 1 ಗಿಗಾಬಿಟ್‌ನಲ್ಲಿ 34 ಸೆಕೆಂಡು ಸಾಕು. ಐದು ನಿಮಿಷಕ್ಕೊಮ್ಮೆ ಕೌಂಟರ್ ಓದುವ ವಾಡಿಕೆಯಿದ್ದಲ್ಲಿ, ಒಂದು ಓದಿಗೂ ಇನ್ನೊಂದು ಓದಿಗೂ ನಡುವೆ ಅದು ಎಂಟು ಸುತ್ತು ಮುಗಿಸಿರುತ್ತದೆ. 64 ಬಿಟ್‌ನ ಕೌಂಟರ್‌ಗಳು ಬಂದು ಈ ತೊಂದರೆ ತೀರಿತು. ಆದರೂ ಅವು ಹೇಳುವುದು ಒಟ್ಟು ಮೊತ್ತವನ್ನು ಮಾತ್ರ. ಯಾರದು, ಯಾರಿಗೆ ಎಂದು ಹೇಳುವುದಿಲ್ಲ.

ಅದನ್ನು ಹೇಳಬಲ್ಲ ಉಪಕರಣ ಹುಟ್ಟಿದ್ದು ಬೇರೊಂದು ಉದ್ದೇಶಕ್ಕೆ. 1996ರ ಸುಮಾರಿಗೆ ಸಿಸ್ಕೋ ಕಂಪನಿಯ ಡ್ಯಾರೆನ್ ಕೆರ್ ಮತ್ತು ಬ್ಯಾರಿ ಬ್ರುಯಿನ್ಸ್ ರೌಟರ್‌ನ ಕೆಲಸ ಚುರುಕುಗೊಳಿಸಲು ಒಂದು ಯುಕ್ತಿ ಹೂಡಿದರು. ಒಂದೇ ವಿಳಾಸದಿಂದ ಒಂದೇ ವಿಳಾಸಕ್ಕೆ, ಒಂದೇ ಕೆಲಸಕ್ಕೆ ಸಾಗುವ ಪ್ಯಾಕೆಟ್‌ಗಳ ಸಾಲನ್ನು ಒಂದು ಹರಿವು ಎಂದು ಹಿಡಿದು, ಮೊದಲ ಪ್ಯಾಕೆಟ್‌ಗೆ ದಾರಿ ಹುಡುಕಿದ ಮೇಲೆ ಉಳಿದವನ್ನು ಅದರ ಹಿಂದೆಯೇ ಬಿಡುವುದು. ಅದಕ್ಕಾಗಿ ಹರಿವುಗಳ ಪಟ್ಟಿ ಇಡಬೇಕಾಯಿತು. ಪಟ್ಟಿ ಇದ್ದ ಮೇಲೆ ಒಂದೊಂದು ಹರಿವಿನಲ್ಲಿ ಎಷ್ಟು ಪ್ಯಾಕೆಟ್, ಎಷ್ಟು ಬೈಟ್ ಎಂದೂ ಬರೆಯಬಹುದಲ್ಲ! ನೆಟ್‌ಫ್ಲೋ ಎಂಬ ಹೆಸರಿನ ಈ ಸೌಲಭ್ಯದಲ್ಲಿ ದಾರಿ ಹುಡುಕುವ ಭಾಗ ಕಾಲಕ್ರಮದಲ್ಲಿ ಹಿಂದೆ ಸರಿಯಿತು, ಲೆಕ್ಕ ಬರೆಯುವ ಭಾಗ ಉಳಿದು ಬೆಳೆಯಿತು.

ಬೆಳೆದದ್ದೇ ತಡ, ಎನ್‌ಎಸ್‌ಎಫ್‌ನೆಟ್‌ಗೆ ಬಂದ ಕಷ್ಟ ಇದಕ್ಕೂ ಬಂತು. ಸೆಕೆಂಡಿಗೆ 10 ಗಿಗಾಬಿಟ್‌ನ ಕೊಂಡಿಯಲ್ಲಿ 40 ಬೈಟ್‌ನ ಸಣ್ಣ ಪ್ಯಾಕೆಟ್‌ಗಳು ಬೆನ್ನುಬೆನ್ನಿಗೆ ಬಂದರೆ ಒಂದೊಂದಕ್ಕೂ ಸಿಗುವ ಸಮಯ 32 ನ್ಯಾನೋಸೆಕೆಂಡು. ಅಗ್ಗದ ಡಿರ್‍ಯಾಮ್ ಮೆಮೊರಿಯನ್ನು ಒಮ್ಮೆ ಓದುವಷ್ಟರಲ್ಲಿ ಮುಂದಿನ ಪ್ಯಾಕೆಟ್ ಬಂದಾಗಿರುತ್ತದೆ. ವೇಗದ ಎಸ್‌ರ್‍ಯಾಮ್ ದುಬಾರಿ. ಲಕ್ಷಾಂತರ ಹರಿವುಗಳ ಪಟ್ಟಿಗೆ ಅದು ಸಾಲದು. ಆದ್ದರಿಂದ ದೊಡ್ಡ ರೌಟರ್‌ಗಳ ನೆಟ್‌ಫ್ಲೋ ಕೂಡ ನೂರಕ್ಕೊಂದು, ಸಾವಿರಕ್ಕೊಂದು ಪ್ಯಾಕೆಟ್ ನೋಡುವ ದಾರಿ ಹಿಡಿಯಿತು.

ಈಗ ಪ್ರಶ್ನೆ ಹಣಕ್ಕೆ ಬಂತು. ಗಿರಾಕಿಗಳಿಗೆ ಬಳಕೆಯ ಮೇಲೆ ಬಿಲ್ ಹಾಕುವ ಕಂಪನಿ ಅಂದಾಜನ್ನು ನಂಬಬಹುದೇ? ಎಟಿ ಅಂಡ್ ಟಿ ಪ್ರಯೋಗಾಲಯದಲ್ಲಿ ನಿಕ್ ಡಫೀಲ್ಡ್, ಕಾರ್ಸ್ಟನ್ ಲುಂಡ್ ಮತ್ತು ಮಿಕೆಲ್ ಥೋರುಪ್ 2001ರಲ್ಲಿ ಇದನ್ನು ಕೈಗೆತ್ತಿಕೊಂಡರು. (ಲುಂಡ್ ಅದೇ ವರ್ಷ ಸೈದ್ಧಾಂತಿಕ ಗಣಕವಿಜ್ಞಾನದ ಗೋಡೆಲ್ ಪ್ರಶಸ್ತಿ ಹಂಚಿಕೊಂಡವರು, ಅಂಥವರು ಬಿಲ್ಲಿನ ಲೆಕ್ಕಕ್ಕೆ ಕೂತದ್ದು ಈ ಪ್ರಶ್ನೆಯ ಆಳಕ್ಕೆ ಸಾಕ್ಷಿ.) ಹರಿವುಗಳ ಗಾತ್ರ ವಿಪರೀತ ಅಸಮ. ಬಹುಪಾಲು ಹರಿವುಗಳು ತೀರಾ ಚಿಕ್ಕವು, ಬಹುಪಾಲು ಬೈಟ್‌ಗಳು ಮಾತ್ರ ಬೆರಳೆಣಿಕೆಯ ದೊಡ್ಡ ಹರಿವುಗಳಲ್ಲಿ. ಎಲ್ಲ ದಾಖಲೆಗಳಿಗೂ ಒಂದೇ ದರದ ಚೀಟಿ ಎತ್ತಿದರೆ ಒಂದು ದೈತ್ಯ ಹರಿವು ಕೈತಪ್ಪಿ ಇಡೀ ಅಂದಾಜು ಕುಸಿಯಬಹುದು. ಹಾಗಾಗಿ ಅವರು ಗಾತ್ರಕ್ಕೆ ತಕ್ಕ ಅವಕಾಶ ಕೊಟ್ಟರು. ಮಿತಿ 1 ಲಕ್ಷ ಬೈಟ್ ಎನ್ನೋಣ. ಅದಕ್ಕಿಂತ ದೊಡ್ಡ ಹರಿವಿನ ದಾಖಲೆಯನ್ನು ಬಿಡದೆ ಇಟ್ಟುಕೊಳ್ಳುವುದು, ಇದ್ದಷ್ಟೇ ಬರೆಯುವುದು. 1,000 ಬೈಟ್‌ನ ಹರಿವನ್ನು ನೂರರಲ್ಲಿ ಒಂದು ಸಲ ಇಟ್ಟುಕೊಳ್ಳುವುದು, ಆದರೆ ಇಟ್ಟುಕೊಂಡಾಗ ಅದನ್ನು 1 ಲಕ್ಷವೆಂದು ಬರೆಯುವುದು. ಒಂದು ದಾಖಲೆಯನ್ನು ಮಾತ್ರ ನೋಡಿದರೆ ಇದು ಅನ್ಯಾಯ. ಸಾವಿರಾರು ದಾಖಲೆ ಕೂಡಿದಾಗ ಮೊತ್ತ ಸರಿಯಾಗಿ ಬರುತ್ತದೆ.

ಮರುವರ್ಷ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೋ ಶಾಖೆಯಲ್ಲಿ ಕ್ರಿಸ್ಟಿಯನ್ ಎಸ್ತಾನ್ ಮತ್ತು ಮುಂಬಯಿ ಐಐಟಿಯಲ್ಲಿ ಓದಿದ ಜಾರ್ಜ್ ವರ್ಗೀಸ್ ಈ ಅಸಮತೆಗೆ ಹೆಸರಿಟ್ಟೇ ಮಾತಾಡಿದರು: ಆನೆಗಳನ್ನು ನೋಡಿ, ಇಲಿಗಳನ್ನು ಬಿಡಿ. ಅವರ ಒಂದು ಉಪಾಯ ಸರಳ. ಪ್ಯಾಕೆಟ್‌ಗಳನ್ನು ಎಂದಿನಂತೆ ಅಪರೂಪಕ್ಕೊಮ್ಮೆ ಆರಿಸಿ. ಆದರೆ ಒಂದು ಹರಿವಿನ ಪ್ಯಾಕೆಟ್ ಒಮ್ಮೆ ಸಿಕ್ಕರೆ ಅಲ್ಲಿಂದ ಮುಂದೆ ಆ ಹರಿವಿನ ಪ್ರತಿಯೊಂದು ಪ್ಯಾಕೆಟ್ಟನ್ನೂ ಎಣಿಸಿ. ಆನೆ ಬೇಗ ಸಿಕ್ಕಿಬೀಳುತ್ತದೆ, ಆಮೇಲೆ ತಪ್ಪಿಸಿಕೊಳ್ಳಲಾರದು. ಮಾಮೂಲಿ ಸ್ಯಾಂಪಲ್‌ನಲ್ಲಿ ಮೆಮೊರಿಯನ್ನು ನೂರು ಪಟ್ಟು ಹೆಚ್ಚಿಸಿದರೆ ತಪ್ಪು ಹತ್ತರಲ್ಲೊಂದು ಭಾಗಕ್ಕೆ ಇಳಿಯುತ್ತದೆ; ಈ ಪದ್ಧತಿಯಲ್ಲಿ ನೂರರಲ್ಲೊಂದು ಭಾಗಕ್ಕೆ. ಮಿತಿ ಮೀರಿದವರಿಗೆ ಬಳಕೆಯ ದರ, ಉಳಿದವರಿಗೆಲ್ಲ ಒಂದೇ ನಿಗದಿತ ಶುಲ್ಕ ಎಂಬ ಬಿಲ್ಲಿನ ಕ್ರಮವನ್ನೂ ಅವರೇ ಸೂಚಿಸಿದರು.

ಇದೇ ಸುಮಾರಿಗೆ ಬಂದ ಇನ್ನೊಂದು ಆಲೋಚನೆ ಬುದ್ಧಿವಂತಿಕೆಯಲ್ಲಿ ಎಲ್ಲವನ್ನೂ ಮೀರಿಸುತ್ತದೆ. 2000ದಲ್ಲಿ ಡಫೀಲ್ಡ್ ಮತ್ತು ಮಥಿಯಾಸ್ ಗ್ರಾಸ್‌ಗ್ಲಾಸರ್ ಕೇಳಿದ್ದು ಇಷ್ಟು: ಒಂದು ಪ್ಯಾಕೆಟ್ ಜಾಲದಲ್ಲಿ ಹಾದುಹೋದ ಇಡೀ ದಾರಿಯನ್ನು ನೋಡಬೇಕಾದರೆ? ಒಂದೊಂದು ರೌಟರ್ ತನ್ನಿಷ್ಟದಂತೆ ಆರಿಸಿದರೆ ಒಂದೇ ಪ್ಯಾಕೆಟ್ ಎರಡು ಕಡೆ ಸಿಗುವುದೇ ದುರ್ಲಭ. ಅವರು ಆಯ್ಕೆಯ ದಾಳವನ್ನು ಪ್ಯಾಕೆಟ್‌ನೊಳಗೇ ಹುಡುಕಿದರು. ಸಾಗುವಾಗ ಬದಲಾಗದ ಅಂಶಗಳನ್ನು ಮಾತ್ರ ಒಂದು ಗಣಿತದ ಸೂತ್ರಕ್ಕೆ ಹಾಕಿ, ಬಂದ ಉತ್ತರ ಗೊತ್ತಾದ ವ್ಯಾಪ್ತಿಯಲ್ಲಿದ್ದರೆ ಆರಿಸುವುದು. ಸೂತ್ರ ಎಲ್ಲ ರೌಟರ್‌ಗಳಲ್ಲೂ ಒಂದೇ ಆದ್ದರಿಂದ, ಒಬ್ಬರು ಆರಿಸಿದ್ದನ್ನು ದಾರಿಯುದ್ದಕ್ಕೂ ಎಲ್ಲರೂ ಆರಿಸುತ್ತಾರೆ, ಮಾತಾಡಿಕೊಳ್ಳುವ ಅಗತ್ಯವಿಲ್ಲದೆ.

ಆನೆಗಳ ಲೆಕ್ಕ ಹೀಗೆ ಕೈವಶವಾಯಿತು. ಇಲಿಗಳ ಗತಿ?

ನೂರಕ್ಕೊಂದು ದರದಲ್ಲಿ 500 ಪ್ಯಾಕೆಟ್‌ನ ಹರಿವು ಒಮ್ಮೆಯಾದರೂ ಕಾಣುವ ಸಾಧ್ಯತೆ ಶೇ 99. ನೂರು ಪ್ಯಾಕೆಟ್‌ನದು ಶೇ 63. ಒಂದೇ ಪ್ಯಾಕೆಟ್‌ನದು ಶೇ 1. ಅಂದರೆ ಜಾಲದಲ್ಲಿ ಒಟ್ಟು ಎಷ್ಟು ಹರಿವುಗಳಿದ್ದವು ಎಂದು ಕೇಳಿದರೆ ಸುಮ್ಮನೆ ಗುಣಿಸಿ ಹೇಳಲು ಬರುವುದಿಲ್ಲ. 2003ರಲ್ಲಿ ಡಫೀಲ್ಡ್ ತಂಡ ಇದಕ್ಕೊಂದು ಸೊಗಸಾದ ದಾರಿ ಕಂಡಿತು. ಜಾಲದಲ್ಲಿ ಮಾಹಿತಿ ಸಾಗಿಸುವ ಮುಖ್ಯ ನಿಯಮಾವಳಿಯಾದ ಟಿಸಿಪಿಯ ಪ್ರತಿ ಸಂಪರ್ಕವೂ ಸಿನ್ ಎಂಬ ಗುರುತಿನ ಪ್ಯಾಕೆಟ್‌ನಿಂದ ಶುರುವಾಗುತ್ತದೆ. ಹರಿವು ಎಷ್ಟೇ ಉದ್ದವಿರಲಿ, ಶುರುವಾಗುವುದು ಒಮ್ಮೆಯೇ. ಸಿಕ್ಕ ಸಿನ್‌ಗಳನ್ನು ನೂರರಿಂದ ಗುಣಿಸಿದರೆ ಕಾಣದೇ ಹೋದ ಹರಿವುಗಳೂ ಲೆಕ್ಕಕ್ಕೆ ಬರುತ್ತವೆ.

ಹಾಗಾದರೆ ಸ್ಯಾಂಪಲ್‌ನಿಂದ ಗರಿಷ್ಠ ಎಷ್ಟು ತಿಳಿಯಬಹುದು? ಎಷ್ಟೇ ಜಾಣತನ ಮಾಡಿದರೂ ದಾಟಲಾಗದ ಗೆರೆ ಎಲ್ಲಿದೆ? ಈ ಪ್ರಶ್ನೆಗೆ ಉತ್ತರ ಹುಡುಕಲು 2006ರಲ್ಲಿ ಬ್ರೂನೋ ರಿಬೇರೋ, ಡಾನ್ ಟೌಸ್ಲಿ, ತಾವೋ ಯೇ ಮತ್ತು ಜಾನ್ ಬೊಲೋ ಬಳಸಿದ ಗಣಿತ 1945ರದು, ಅದನ್ನು ಬರೆದವರು ಹುಟ್ಟಿದ್ದು ಹೂವಿನ ಹಡಗಲಿಯಲ್ಲಿ. ಸಿ. ಆರ್. ರಾವ್ ಅವರ ಓದು ಆಂಧ್ರದ ಕಡೆ, ಕೆಲಸ ಮಹಾಲನೋಬಿಸ್ ಕಟ್ಟಿದ ಕಲ್ಕತ್ತೆಯ ಭಾರತೀಯ ಸಾಂಖ್ಯಿಕ ಸಂಸ್ಥೆಯಲ್ಲಿ. ಇಪ್ಪತ್ತೈದರ ಆಸುಪಾಸಿನಲ್ಲಿ ಅವರು ಬರೆದ ಪ್ರಬಂಧ, ಪಕ್ಷಪಾತವಿಲ್ಲದ ಯಾವ ಅಂದಾಜೂ ಇಂತಿಷ್ಟಕ್ಕಿಂತ ನಿಖರವಾಗಲಾರದು ಎಂದು ಸಾಧಿಸಿ ತೋರಿಸಿತು. ಕ್ರಾಮರ್–ರಾವ್ ಮಿತಿ ಎಂದು ಜಗತ್ತು ಕರೆಯುವುದು ಇದನ್ನೇ.

ಆ ಮಿತಿಯನ್ನು ಜಾಲಕ್ಕೆ ಹಿಡಿದಾಗ ಕಂಡದ್ದು ಕಟುಸತ್ಯ. ಸ್ಯಾಂಪಲ್ ದರ ಇಳಿದಂತೆ, ಪ್ಯಾಕೆಟ್ ಎಣಿಕೆಯೊಂದನ್ನೇ ನೆಚ್ಚಿ ಹರಿವುಗಳ ಗಾತ್ರ ಹೇಗೆ ಹಂಚಿಕೆಯಾಗಿದೆ ಎಂದು ನಿಖರವಾಗಿ ಹೇಳುವುದು ಹೆಚ್ಚುಕಡಿಮೆ ಅಸಾಧ್ಯ. ಆದರೆ ಟಿಸಿಪಿ ಪ್ಯಾಕೆಟ್‌ಗಳಲ್ಲಿ ಕ್ರಮಸಂಖ್ಯೆ ಇರುತ್ತದೆ. ಅದು ಬೈಟ್‌ಗಳ ಎಣಿಕೆ. ಒಂದೇ ಹರಿವಿನ ಎರಡು ಪ್ಯಾಕೆಟ್ ಸಿಕ್ಕರೆ, ಅವುಗಳ ನಡುವೆ ಎಷ್ಟು ಬೈಟ್ ಕಾಣದೆ ದಾಟಿಹೋದವು ಎಂದು ಕಳೆದು ಹೇಳಬಹುದು. ಈ ಮಾಹಿತಿ ಸೇರಿಸಿದರೆ ಅಸಾಧ್ಯವಾದದ್ದು ಕೈಗೆಟುಕುತ್ತದೆ. ಎಲ್ಲಿ ಪ್ರಯತ್ನ ವ್ಯರ್ಥ, ಎಲ್ಲಿ ಫಲ ಕೊಟ್ಟೀತು ಎಂಬುದನ್ನು ರಾವ್ ಅವರ ಗಣಿತ ಅರುವತ್ತು ವರ್ಷಗಳ ನಂತರ, ಅವರು ಊಹಿಸಿಯೂ ಇರದ ಯಂತ್ರಗಳಿಗೆ ಬಿಡಿಸಿ ಹೇಳಿತು.

ಇಲಿಗಳು ನಿರುಪದ್ರವಿಗಳಲ್ಲ ಎಂಬುದು ಅಷ್ಟರಲ್ಲಿ ಎಲ್ಲರ ಅನುಭವಕ್ಕೂ ಬಂದಿತ್ತು. 2003ರ ಜನವರಿ 25ರಂದು ಹರಡಿದ ಸ್ಲ್ಯಾಮರ್ ಹುಳು (ಗಣಕದಿಂದ ಗಣಕಕ್ಕೆ ತಾನಾಗಿ ಹರಡುವ ಕೆಡುಕು ತಂತ್ರಾಂಶ) 404 ಬೈಟ್‌ನ ಒಂದೇ ಪ್ಯಾಕೆಟ್. ಸೋಂಕು ತಗುಲಿದ ಗಣಕ ಸಿಕ್ಕಸಿಕ್ಕ ವಿಳಾಸಗಳಿಗೆ ಅದನ್ನೇ ಎಸೆಯುತ್ತಿತ್ತು. ಮೊದಮೊದಲಿಗೆ ಸೋಂಕಿತ ಗಣಕಗಳ ಸಂಖ್ಯೆ 8.5 ಸೆಕೆಂಡಿಗೊಮ್ಮೆ ಇಮ್ಮಡಿಯಾಯಿತು. ಹತ್ತು ನಿಮಿಷದಲ್ಲಿ, ಸೋಂಕಿಗೆ ಸಿಗಬಹುದಾದ ಗಣಕಗಳಲ್ಲಿ ಶೇ 90ರಷ್ಟು ಅದರ ವಶವಾದವು. ಇಲ್ಲಿ ಒಂದೊಂದು ಪ್ಯಾಕೆಟ್ಟೂ ಒಂದೊಂದು ಹೊಸ ಹರಿವು. ಇಂಥ ದಾಳಿಯ ಹೊತ್ತಿನಲ್ಲಿ ಹರಿವುಗಳ ಪಟ್ಟಿ ತುಂಬಿ ತುಳುಕುತ್ತದೆ. ಎಸ್ತಾನ್, ವರ್ಗೀಸ್ ಮತ್ತು ಸಂಗಡಿಗರು 2004ರಲ್ಲಿ, ಒತ್ತಡ ಏರಿದಂತೆ ಸ್ಯಾಂಪಲ್ ದರವನ್ನು ತಾನೇ ಇಳಿಸಿಕೊಳ್ಳುವ ನೆಟ್‌ಫ್ಲೋವನ್ನು ರೂಪಿಸಿದ್ದು ಈ ಕಾರಣಕ್ಕೆ. 2006ರಲ್ಲಿ ಡಾನಿಯೆಲಾ ಬ್ರೌಕಾಫ್ ಮತ್ತು ಇತರರು 2003ರ ಆಗಸ್ಟ್‌ನ ಬ್ಲಾಸ್ಟರ್ ಹುಳುವಿನ ದಿನಗಳ ದಾಖಲೆಗಳನ್ನು ಮತ್ತೆ ಸ್ಯಾಂಪಲ್ ಮಾಡಿ ನೋಡಿದರು. ಬೈಟ್ ಮತ್ತು ಪ್ಯಾಕೆಟ್‌ಗಳ ಅಂದಾಜು ಗಟ್ಟಿಯಾಗಿ ನಿಂತಿತು, ಹರಿವುಗಳ ಎಣಿಕೆ ಕೆಟ್ಟಿತು. ಆದರೆ ವಿಳಾಸಗಳು ಎಷ್ಟು ಚದುರಿವೆ ಎಂದು ಅಳೆಯುವ ಎಂಟ್ರೊಪಿಯಲ್ಲಿ ಹುಳುವಿನ ಹೆಜ್ಜೆಗುರುತು ಅಳಿಸದೆ ಉಳಿದಿತ್ತು.

ಬಿಲ್ ಹಾಕುವವರ ಅಗತ್ಯಕ್ಕೆ ರೂಪುಗೊಂಡ ಕಣ್ಣು ಕಾವಲುಗಾರನ ಕೆಲಸಕ್ಕೆ ಅರ್ಧ ಮಾತ್ರ ಒದಗುತ್ತದೆ. ಇದು ಈ ಪದ್ಧತಿಯ ನಿಜವಾದ ಕೊರತೆ. 2009ರಲ್ಲಿ ಸ್ಯಾಂಪಲ್ ವಿಧಾನಗಳಿಗೆಲ್ಲ ಅಂತರರಾಷ್ಟ್ರೀಯ ಮಾನಕಗಳು ಪ್ರಕಟವಾದ ನಂತರವೂ ಅದು ಹಾಗೆಯೇ ಇದೆ.

ಆದರೂ ಅಪರೂಪದ ಕಣ್ಣು ಎಷ್ಟು ಕಾಣಬಲ್ಲದು ಎನ್ನುವುದಕ್ಕೆ 2012ರ ಒಂದು ಅಧ್ಯಯನವನ್ನು ನೋಡಬೇಕು. ಜಾಲಸೇವೆ ಕಂಪನಿಗಳು ಒಂದೆಡೆ ಸೇರಿ ತಮ್ಮತಮ್ಮೊಳಗೆ ಸಂಚಾರ ವಿನಿಮಯ ಮಾಡಿಕೊಳ್ಳುವ ಯೂರೋಪಿನ ಒಂದು ದೊಡ್ಡ ಕೇಂದ್ರದ ಎಸ್‌ಫ್ಲೋ ದಾಖಲೆಗಳು ಬರ್ಲಿನ್ ತಾಂತ್ರಿಕ ವಿಶ್ವವಿದ್ಯಾಲಯದ ಸಂಶೋಧಕರು ಮತ್ತು ಸಂಗಡಿಗರಿಗೆ ಸಿಕ್ಕವು. 1993ರ ಬೆಲ್‌ಕೋರ್ ಪ್ರಬಂಧದ ವಿಲಿಂಜರ್ ಈ ತಂಡದಲ್ಲೂ ಇದ್ದರು. ಅಲ್ಲಿನ ಸ್ಯಾಂಪಲ್ ದರ ಸುಮಾರು 16 ಸಾವಿರಕ್ಕೆ ಒಂದು ಪ್ಯಾಕೆಟ್. ಸದಸ್ಯರು ಸುಮಾರು 400, ಅಂದರೆ ಜೋಡಿಗಳು ಹೆಚ್ಚೆಂದರೆ 80 ಸಾವಿರ. ಅವುಗಳಲ್ಲಿ 50 ಸಾವಿರಕ್ಕೂ ಹೆಚ್ಚು ಜೋಡಿಗಳ ನಡುವೆ ನಿಜವಾದ ಸಂಚಾರ ಕಂಡುಬಂತು. ಅದಕ್ಕೆ ಮೊದಲು ಇಡೀ ಇಂಟರ್ನೆಟ್‌ನಲ್ಲಿ ಇಂಥ ಸಂಬಂಧಗಳು ಎಷ್ಟಿರಬಹುದೆಂದು ಅಂದಾಜು ಮಾಡಿದ್ದರೋ ಅದನ್ನು ಈ ಒಂದೇ ಕೇಂದ್ರ ಮೀರಿಸಿತ್ತು. ಆ ದರದಲ್ಲಿ ಒಂದು ಜೋಡಿ ಶೇ 95ರ ಖಾತ್ರಿಯಲ್ಲಿ ಕಣ್ಣಿಗೆ ಬೀಳಬೇಕಾದರೆ ಅವರ ನಡುವೆ ಸುಮಾರು 50 ಸಾವಿರ ಪ್ಯಾಕೆಟ್‌ಗಳಾದರೂ ಓಡಾಡಿರಬೇಕು. ಅದಕ್ಕಿಂತ ಕಡಿಮೆ ಮಾತುಕತೆಯ ಜೋಡಿಗಳಲ್ಲಿ ಹಲವು ಬಿಟ್ಟುಹೋಗಿರುವುದು ಸಹಜ. ಹಾಗಾಗಿ 50 ಸಾವಿರ ಜೋಡಿಗಳು ಎಂಬುದು ಅಲ್ಲಿ ಕನಿಷ್ಠ ಲೆಕ್ಕ.